ಲಂಕೆಯ ರಾಜನ ಕೆರೆ ಏರಿಯಿಂದ

ಪೊಲೊನ್ನರುವ, ಲಂಕೆ

ಹೊಸ ಅಗ್ರಹಾರದ ಅತ್ತೆ ಮಲ್ಲಾಜಮ್ಮನವರಿಗೆ ಸೊಸೆ ಜಯಶೀಲಾಳ ನಮಸ್ಕಾರ.

ಭತ್ತ ಬೆಳೆಯೋ ಹೆಂಗಸರ ಪ್ರವಾಸದಲ್ಲಿ ಎಲ್ಲರೂ ಚೆನ್ನಾಗಿದ್ದೀವಿ. ಇವತ್ತು ಒಂದು ಕೆರೆ ತೋರಿಸಿದರು. ಆಚೆ ದಡ ಕಾಣದೆ, ಇದು ಸಮುದ್ರ ಕಣ್ರೀ ಅಂದುಬಿಟ್ಟೆ. ಎಂಟುನೂರು ವರ್ಷದ ಹಿಂದೆ ಪರಾಕ್ರಮಬಾಹು ಅನ್ನೋ ರಾಜ ಕಟ್ಟಿಸಿದ್ದಂತೆ. ಗದ್ದೆಗಳಿಗೆ ಇವತ್ತೂ ಅದೇ ನೀರು. ಚಪ್ಪಲಿ ಬಿಟ್ಟು ಏರಿ ಮೇಲೆ ನಿಂತು ಕೈ ಮುಗಿದೆ.

ಅವನಿಗೆ ಒಬ್ಬಳೇ ರಾಣಿಯಲ್ಲ, ಅತ್ತೆ. ಆದರೂ ಮಕ್ಕಳಾಗಲಿಲ್ಲವಂತೆ. ಒಡಹುಟ್ಟಿದವಳ ಮಗ ಪಟ್ಟಕ್ಕೆ ಬಂದನಂತೆ. ಕೆರೆ ಮಾತ್ರ ತುಂಬೋದು ಬಿಟ್ಟಿಲ್ಲ.

ನಿಮ್ಮ ಮಗನಿಗೆ ಇನ್ನೊಂದು ಹೆಣ್ಣು ನೋಡೋಕೆ ನೀವು ಹಾರನಹಳ್ಳಿಗೆ ಹೊರಟಿದ್ದೀರಂತೆ. ಬಿಸಿಲು ಜಾಸ್ತಿ, ಹೋಗಬೇಡಿ. ನಿಮ್ಮ ಮಗಳು ರೂಪಶ್ರೀನ ಅವಳ ಚಿಕ್ಕ ಮಗನ ಸಮೇತ ಕರೆಸಿಕೊಳ್ಳಿ. ಅವನನ್ನ ನಮಗೆ ದತ್ತು ಕೊಡ್ತೀಯಾ ಅಂತ ನಾನೇ ಬಂದು ಅವಳನ್ನ ಕೇಳ್ತೀನಿ.

ಈ ಕಾಗದದ ಫೋಟೋ ತೆಗೆದು ನಿಮ್ಮ ಮಗನ ಫೋನಿಗೆ ಕಳಿಸ್ತಿದ್ದೀನಿ. ನಿಮಗೆ ಓದಿ ಹೇಳ್ತಿರೋದು ಅವರೇ. ಈ ಸಾಲು ಓದುವಾಗ ಒಂದ್ಸಲ ಅವರ ಮುಖ ನೋಡಿ. ಆಮೇಲೆ ಹಾರನಹಳ್ಳಿ ಬಸ್ಸು ಹತ್ತೋದಾದರೆ ಹತ್ತಿ.

ಇವತ್ತಿಗೂ ನಿಮ್ಮ ಸೊಸೆ,
ಜಯಶೀಲಾ