ಮೂವತ್ತನಾಲ್ಕನೇ ಕೈ

ನವೆಂಬರ್ 4, ಮಂಗಳವಾರ

ಇವತ್ತು ಏಳು ಬೆರಳು. ನಾಲ್ಕು ಅಂಟಿಸಿದೆ. ಇನ್ನು ಮೂರು ಹೊಸದಾಗಿ ಮಾಡಬೇಕು, ಮುರಿದ ಚೂರು ಸಿಗಲೇ ಇಲ್ಲ. ಕಿರುಬೆರಳುಗಳದೇ ಕಾಟ. ಅಚ್ಚಿನಿಂದ ಬಿಡಿಸುವಾಗ ಲಟಕ್ ಅಂತ ಹೋಗುತ್ತವೆ. ಮೂಗಿನ ತುಂಬ ಪ್ಲಾಸ್ಟರ್ ಪುಡಿ, ಸೀನಿದರೆ ಮೇಜೆಲ್ಲ ಬೆಳ್ಳಗೆ.

ಇಪ್ಪತ್ತಾರು ವರ್ಷ ಈ ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಒಡೆದ ಮಡಕೆ, ಕೀಲು ಕಿತ್ತ ಪೆಟ್ಟಿಗೆ ರಿಪೇರಿ ಮಾಡಿದವಳು. ಈಗ ಕೈ ರಿಪೇರಿ. ಬೇಸಿಗೆಗೆ ಮಕ್ಕಳ ಶಿಬಿರ ಆಯ್ತು, ಮಳೆಗಾಲಕ್ಕೆ ಕಥೆ ಹೇಳೋ ಶನಿವಾರಗಳಾದವು, ಚಳಿಗಾಲಕ್ಕೆ "ಊರಿನ ಕೈಗಳು". ಕೈಕೆಲಸ ಮಾಡಿ ಬದುಕಿದ ಐವತ್ತು ಜನರ ಕೈ ಅಚ್ಚು, ಮುಂದಿನ ಗೋಡೆಯ ಮೇಲೆ ಸಾಲಾಗಿ. ದರ್ಜಿ, ಕ್ಷೌರಿಕ, ಗಾರೆಯವರು, ಸೂಲಗಿತ್ತಿ, ಎಲ್ಲರೂ. ಮೇಡಂ ಐಡಿಯಾ. ಮೇಡಂ ಅಂದರೆ ನಮ್ಮ ಮುಖ್ಯಸ್ಥೆ. ಶಿಲ್ಪಿ ಹೊರಗೂರಿನವನು. ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸೋ ಪುಡಿಯನ್ನ ಬಕೆಟ್ಟಿನಲ್ಲಿ ಕಲಸುತ್ತಾನೆ. ಜನ ಅದರೊಳಗೆ ಕೈ ಅದ್ದಿ ಐದು ನಿಮಿಷ ಮಿಸುಕಾಡದೆ ಕೂರಬೇಕು. ಆಮೇಲೆ ಆ ಗುಳಿಗೆ ಪ್ಲಾಸ್ಟರ್ ಸುರಿಯೋದು.

ಅಚ್ಚಿನ ಮೇಲೆ ಹೆಸರಿಲ್ಲ, ಬರೀ ನಂಬರ್. ಶಿಲ್ಪಿ ಬರೆದಿಡೋ ಹೆಸರಿನ ಪಟ್ಟಿ ಮೇಡಂ ಬೀರುವಿನಲ್ಲಿ, ಅವರೂ ಓದಲ್ಲವಂತೆ. ಉದ್ಘಾಟನೆಯ ದಿನ ಜನ ಕೈ ನೋಡಿ ಯಾರದು ಅಂತ ಊಹಿಸಬೇಕಂತೆ, ಅದಕ್ಕೇ ನಮಗೂ ತೋರಿಸಲ್ಲ. ಚೊಕ್ಕ ಮಾಡೋಕೆ ಎಲ್ಲ ಕೈಯೂ ನನ್ನ ಮೇಜಿಗೇ ಬರ್ತವೆ. ಮುರಿದಿದ್ದರೆ ಎಲ್ಲಿ ಅಂತ ಶಿಲ್ಪಿ ಚೀಟಿ ಬರೆದು ಮಣಿಕಟ್ಟಿಗೆ ಕಟ್ಟಿ ನನಗೆ ಕಳಿಸಬೇಕು. ಅರ್ಧಕ್ಕರ್ಧ ಚೀಟಿ ದಾರಿಯಲ್ಲೇ ಬಿದ್ದಿರುತ್ತೆ. ಗಂಟು ಹಾಕೋಕೂ ಸೋಮಾರಿತನ ಆಸಾಮಿಗೆ.

ನವೆಂಬರ್ 7, ಶುಕ್ರವಾರ

"ಬಡಗಿಗಳು ಒಬ್ಬರೂ ಬಂದಿಲ್ಲ. ನಿಮ್ಮ ಅಣ್ಣ ಇದ್ದಾರಂತಲ್ಲ?" ಮೇಡಂ ಕೇಳಿದರು. ಬಂದು ಎರಡೇ ವರ್ಷ ಆಗಿರೋದು, ಪಾಪ, ಅವರಿಗೇನು ಗೊತ್ತು.

"ನಾವು ಮಾತಾಡಲ್ಲ."

"ಎಷ್ಟು ದಿನದಿಂದ?"

"ಹನ್ನೊಂದು ವರ್ಷ."

ಮೇಡಂ ಕನ್ನಡಕ ತೆಗೆದು ಒರೆಸಿದರು.

ಅಪ್ಪ ಹೋದ ಮೇಲೆ ಅಪ್ಪನ ಉಳಿ, ಗರಗಸ, ಉಜ್ಜುಗೊರಡು ಎಲ್ಲ ಪೆಟ್ಟಿಗೆ ಸಮೇತ ಇಲ್ಲಿಗೆ ಕೊಟ್ಟುಬಿಟ್ಟೆ. ಅಣ್ಣ ಹೊರಗೂರಿಗೆ ಕೆಲಸಕ್ಕೆ ಹೋಗಿದ್ದ. ಅವನನ್ನ ಕೇಳಲಿಲ್ಲ. ಒಳ್ಳೇದೇ ಮಾಡ್ತಿದ್ದೀನಿ, ಅಪ್ಪನ ಸಾಮಾನು ಊರೇ ನೋಡಲಿ ಅಂತಿತ್ತು ನನಗೆ. ಬಂದವನು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನೇರ ಈ ಕೋಣೆಗೆ ಬಂದ. "ಅವು ನಾನು ದಿನಾ ಹಿಡಿಯೋ ಸಾಮಾನು ಕಣೇ" ಅಂದ. ನಾನು ರಿಜಿಸ್ಟರ್ ತೆಗೆದು ತೋರಿಸಿದೆ. ನಂಬರ್ ಬಿದ್ದಿದೆ, ನಂಬರ್ ಬಿದ್ದ ಮೇಲೆ ವಾಪಸ್ ಕೊಡೋ ಹಾಗಿಲ್ಲ ಅಂದೆ. ಸ್ವಂತ ಅಣ್ಣನಿಗೆ ಕೌಂಟರಿನಲ್ಲಿ ಕೂತವಳ ಹಾಗೆ ಅಂದೆ. ಅವನು ರಿಜಿಸ್ಟರ್ ನೋಡಿದ, ನನ್ನ ನೋಡಿದ, ಹೊರಟುಹೋದ.

ಆಮೇಲೆ ಅತ್ತಿಗೆ ಎರಡು ಸಲ ಹೇಳಿ ಕಳಿಸಿದಳು. ಬಿಗುಮಾನ ನನಗೆ, ಹೋಗಲಿಲ್ಲ. ವಾಚ್‌ಮನ್ ಒಂದು ದಿನ "ನಿಮ್ಮ ಅಣ್ಣ ಸಿಕ್ಕಿದ್ರು ಅಕ್ಕ" ಅಂದಿದ್ದಕ್ಕೆ, ಅವನ ಸುದ್ದಿ ನನ್ನ ಮುಂದೆ ಎತ್ತಬೇಡ ಅಂತ ಉರಿದುಬಿದ್ದೆ. ಅವತ್ತಿಂದ ಊರಲ್ಲಿ ಯಾರೂ ಎತ್ತಲ್ಲ. ಅವನ ಮನೆ ಸೇತುವೆಯ ಆ ಕಡೆ, ನಾನು ಆ ಕಡೆ ಕಾಲಿಡಲ್ಲ.

ಸಂಜೆ ಕಾರ್ಯಕ್ರಮದ ಕರಪತ್ರ ಒಂದನ್ನ ಕವರಿಗೆ ಹಾಕಿ, ಅಣ್ಣನ ಹೆಸರು ಬರೆದು ಪೋಸ್ಟ್ ಮಾಡಿದೆ. ಒಳಗೆ ಒಂದು ಸಾಲೂ ಬರೆಯಲಿಲ್ಲ. ಬಂದರೆ ಸಾಕು. ಬಂದರೆ ನಾನೇ ಮೊದಲು ಮಾತಾಡಿಸ್ತೀನಿ, ಆಣೆ.

ನವೆಂಬರ್ 11, ಮಂಗಳವಾರ

ದವಡೆ ಹಲ್ಲು ಜೀವ ಹಿಂಡ್ತಿದೆ. ನಾಳೆ, ನಾಡಿದ್ದು ರಜಾ. ಬಡಗಿ ಯಾರಾದರೂ ಬಂದರಾ ಅಂತ ಕೇಳಬಾರದು ಅಂದುಕೊಂಡು ವಾಚ್‌ಮನ್‌ನನ್ನ ಮೂರು ಸಲ ಕೇಳಿದೆ. ಇಲ್ಲವಂತೆ.

ನವೆಂಬರ್ 14, ಶುಕ್ರವಾರ

ಹಲ್ಲು ಕೀಳಿಸಿ ಬಂದೆ. ಅರ್ಧ ಮುಖ ಊದಿಕೊಂಡಿದೆ. ಮೇಜಿನ ಮೇಲೆ ಎಂಟು ಹೊಸ ಕೈ ಕಾಯ್ತಿದ್ದವು, ಮೂವತ್ತೊಂದರಿಂದ ಮೂವತ್ತೆಂಟು. ಕೇಳಿದ್ದಕ್ಕೆ ವಾಚ್‌ಮನ್ "ಯಾರ್ಯಾರೋ ಬಂದಿದ್ರು ಅಕ್ಕ, ನನಗೇನು ಗೊತ್ತು" ಅಂದು ಗೇಟಿಗೆ ಹೋದ.

ಮೂವತ್ತನಾಲ್ಕರ ಅವಸ್ಥೆ ಕೆಟ್ಟದು. ಎಡಗೈ. ಎಲ್ಲರೂ ಬಲಗೈ ಕೊಟ್ಟರೆ ಈ ಪುಣ್ಯಾತ್ಮ ಎಡಗೈ ಕೊಟ್ಟಿದ್ದಾನೆ. ತೋರುಬೆರಳು ಬುಡದಿಂದಲೇ ಇಲ್ಲ, ನಡುಬೆರಳು ಅರ್ಧಕ್ಕೆ ಹೋಗಿದೆ. ಚೀಟಿಯೂ ಇಲ್ಲ, ಎಂದಿನಂತೆ ಬಿದ್ದುಹೋಗಿರಬೇಕು. ಕಸದ ಬುಟ್ಟಿಯೆಲ್ಲ ತಡಕಾಡಿದೆ, ಚೂರು ಸಿಗಲಿಲ್ಲ. ತುದಿ ಮಾತ್ರ ನುಣುಪಾಗಿದೆ. ಶಿಲ್ಪಿಯೇ ಉಜ್ಜಿ ಕಳಿಸಿರಬೇಕು, ಅಷ್ಟಾದರೂ ಮಾಡಿದನಲ್ಲ. ಕೇಳೋಣ ಅಂದರೆ ಆಸಾಮಿ ಊರಿಗೆ ಹೋಗಿದ್ದಾನೆ, ಬರೋದು ಡಿಸೆಂಬರ್ ಒಂದಕ್ಕೆ, ಉಳಿದ ಹನ್ನೆರಡು ಅಚ್ಚು ಆಗಲೇ ಅಂತೆ.

ನವೆಂಬರ್ 15, ಶನಿವಾರ

ಮೂವತ್ತನಾಲ್ಕು ಮುಗೀತು. ನನ್ನ ಬೆರಳಿನದೇ ಅಚ್ಚು ತೆಗೆದು ಜೋಡಿಸಿದೆ. ನಿನ್ನ ಬೆರಳು ಗಂಡಸರ ಬೆರಳು ಅಂತ ಅಮ್ಮ ಬೈತಿದ್ದಳು, ಇವತ್ತು ಉಪಯೋಗಕ್ಕೆ ಬಂತು. ಅಳತೆ ಹೇಳಿ ಮಾಡಿಸಿದ ಹಾಗೆ ಕೂತಿತು. ತೋರುಬೆರಳಿನ ಉಗುರು ನನ್ನದರ ಹಾಗೇ ಚೂರು ಸೊಟ್ಟ, ಅಷ್ಟೆಲ್ಲ ಯಾರು ನೋಡ್ತಾರೆ. ಮೊಂಡಿನ ಮೇಲೆ ಅಡ್ಡಡ್ಡ ಒಂದು ಗೆರೆ ಉಬ್ಬಿತ್ತು. ಅಚ್ಚು ಬಿರುಕು ಬಿಟ್ಟು ಪ್ಲಾಸ್ಟರ್ ನುಗ್ಗಿರಬೇಕು. ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿದೆ. ಈಗ ಬೆಸುಗೆ ಎಲ್ಲಿ ಅಂತ ನನಗೇ ಗೊತ್ತಾಗಲ್ಲ.

ಇಷ್ಟು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಚೊಕ್ಕ ಕೆಲಸ. ಮೇಡಂ ಬಂದು ನೋಡಿ ಶಭಾಷ್ ಅಂದರು.

ಅಣ್ಣ ಬಂದಿಲ್ಲ. ಕವರ್ ಹರಿದು ಎಸೆದಿರಬೇಕು.

ಡಿಸೆಂಬರ್ 5, ಶುಕ್ರವಾರ

ನಾಳೆ ಉದ್ಘಾಟನೆ. ಐವತ್ತೂ ಕೈ ಗೋಡೆಗೆ ಏರಿವೆ. ಮಧ್ಯಾಹ್ನ ಮೇಡಂ ಬೀರು ತೆಗೆದು ಹೆಸರಿನ ಪಟ್ಟಿ ಕೊಟ್ಟರು, ಜನ ಊಹಿಸಿದ ಮೇಲೆ ಎತ್ತಿ ನೋಡೋ ಮುಚ್ಚಳದ ಕೆಳಗೆ ಅಂಟಿಸೋ ಲೇಬಲ್ ಬರೀಬೇಕಿತ್ತು. ಒಂದು, ಎರಡು... ಮೂವತ್ತಮೂರು ಕ್ಷೌರಿಕ.

ಮೂವತ್ತನಾಲ್ಕು. ಅಣ್ಣನ ಹೆಸರು. ಪಕ್ಕದಲ್ಲಿ ಶಿಲ್ಪಿಯ ಅಕ್ಷರ: ಬಡಗಿ, ಎಡಗೈ, ಎರಡು ಬೆರಳಿಲ್ಲ.

ಎರಡು ಬೆರಳಿಲ್ಲ ಅಂದರೆ ಏನು? ನಾಲ್ಕು ಸಲ ಓದಿದೆ. ಮುಂದೆ ಹೋಗಿ ಶಿಲ್ಪಿಯನ್ನ ಕೇಳಿದೆ. ಅವನು ಏಣಿ ಮೇಲಿಂದ ತಿರುಗಿ ನೋಡಿ, "ಅರೆ! ಇದಕ್ಕೆ ಬೆರಳು ಯಾರು ಹಚ್ಚಿದ್ರು? ಅದು ಇದ್ದಿದ್ದೇ ಹಾಗೆ. ಮುರಿದಿರಲಿಲ್ಲ, ಅದಕ್ಕೇ ಚೀಟಿ ಕಟ್ಟಲಿಲ್ಲ" ಅಂದ.

ಗೇಟಿಗೆ ಓಡಿದೆ. ವಾಚ್‌ಮನ್ ಕುರ್ಚಿಯಿಂದ ಎದ್ದುನಿಂತ. "ನಾಲ್ಕು ವರ್ಷ ಆಯ್ತಲ್ಲ ಅಕ್ಕ, ಗರಗಸದ ಮೆಷಿನ್ನಿಗೆ ಸಿಕ್ಕಿ. ಊರಿಗೆಲ್ಲ ಗೊತ್ತು."

"ನನಗ್ಯಾಕೆ ಹೇಳಲಿಲ್ಲ?"

"ಅವರ ಸುದ್ದಿ ಎತ್ತಬೇಡ ಅಂದವರು ನೀವೇ ತಾನೆ." ಆಮೇಲೆ ತಲೆ ತಗ್ಗಿಸಿ ಹೇಳಿದ, "ಅವತ್ತು ಬಂದಾಗ ಮೊದಲು ನಿಮ್ಮನ್ನೇ ಕೇಳಿದ್ರು. ರಜಾ ಅಂದೆ. ತುಂಬ ಹೊತ್ತು ಈ ಬೆಂಚಿನ ಮೇಲೆ ಕೂತಿದ್ರು."

ಅದೇ ದಿನ, ಸಂಜೆ 5

ಉಳಿ ಹಿಡಿದು ಗೋಡೆ ಹತ್ತಿರ ಹೋದೆ. ಬೆರಳು ಬರಲ್ಲ. ಎಳೆದರೆ ಅಂಗೈಯೇ ಸೀಳುತ್ತೆ, ಅಷ್ಟು ಗಟ್ಟಿಯಾಗಿ ಕೂರಿಸಿದ್ದೀನಿ. ಮೇಡಂ ಕೈ ಹಿಡಿದು ನಿಲ್ಲಿಸಿದರು. "ನಾಳೆ ಬೆಳಿಗ್ಗೆ ಹತ್ತಕ್ಕೆ ಜನ ಬರ್ತಾರೆ. ಒಂದು ಫೋನ್ ಮಾಡಿ ಹೇಳಿಬಿಡಿ." ವಾಚ್‌ಮನ್ ನಂಬರ್ ಕೊಟ್ಟ. ಮೂರು ರಿಂಗ್ ಆಯ್ತು, ಕಟ್ ಮಾಡಿದೆ. ಏನಂತ ಹೇಳಲಿ? ಅಣ್ಣ, ನಿನ್ನ ಬೆರಳು ಹೋಗಿದ್ದು ನನಗೆ ಗೊತ್ತಿಲ್ಲ. ಅಣ್ಣ, ನಿನ್ನ ಕೈ ಎರಡು ದಿನ ನನ್ನ ಮಡಿಲಲ್ಲಿತ್ತು, ಯಾರದು ಅಂತ ಗೊತ್ತಾಗಲಿಲ್ಲ.

ಆ ಗೆರೆ ಪ್ಲಾಸ್ಟರಿನ ಬಿರುಕಲ್ಲ. ಹೊಲಿಗೆ ಹಾಕಿದ ಗಾಯ. ಅದನ್ನ ಉಜ್ಜಿ ಪುಡಿ ಮಾಡಿ, ಊದಿ ಹಾರಿಸಿದೆ ನಾನು.

ಡಿಸೆಂಬರ್ 6, ಶನಿವಾರ

ಬಂದ. ಅತ್ತಿಗೆಯೂ ಬಂದಳು. ಹಣೆ ಮೇಲಿನ ಕೂದಲೆಲ್ಲ ಹೋಗಿದೆ ಅವನಿಗೆ. ಜನ ಗೋಡೆ ಮುಂದೆ ಗಲಗಲ ಅಂತಿದ್ದರು, ದರ್ಜಿಯ ಕೈ ಗೊತ್ತಾಗಿ ದರ್ಜಿಯ ಮೊಮ್ಮಗಳು ಕುಣೀತಿದ್ದಳು. ಅಣ್ಣ ಒಂದನೇ ನಂಬರಿನಿಂದ ನಿಧಾನಕ್ಕೆ ನೋಡಿಕೊಂಡು ಬಂದ. ಎಡಗೈ ಕೋಟಿನ ಜೇಬಲ್ಲಿ. ಮೂವತ್ತನಾಲ್ಕರ ಮುಂದೆ ನಿಂತ. ನಿಂತೇ ಇದ್ದ. ಹತ್ತಿರ ಹೋದೆ.

"ನೀನು ಮಾಡಿದ್ದಾ?" ಗೋಡೆ ನೋಡಿಕೊಂಡೇ ಕೇಳಿದ.

"ಹೂಂ."

"ನೋಡಿದ ತಕ್ಷಣ ಗೊತ್ತಾಯ್ತು. ಇದು ನಿನ್ನ ತೋರುಬೆರಳು. ಸೊಟ್ಟುಗುರು."

ನಾನು ಆ ಬೆರಳನ್ನ ಮುಷ್ಟಿಯೊಳಗೆ ಮಡಚಿಕೊಂಡೆ.

"ಅಚ್ಚೆಲ್ಲ ನಿನ್ನ ಮೇಜಿಗೇ ಬರುತ್ತೆ ಅಂತ ಗೊತ್ತಿತ್ತು. ನೀನು ನೋಡಲಿ ಅಂತಲೇ ಎಡಗೈ ಕೊಟ್ಟೆ," ಅಂದ. "ಬೆರಳು ಹೋದಾಗ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದೆ. ಬಾಗಿಲು ಸದ್ದಾದಾಗಲೆಲ್ಲ ನೀನೇ ಅಂದ್ಕೊಳ್ತಿದ್ದೆ. ಗೊತ್ತಿದ್ದೂ ಬರಲಿಲ್ವಲ್ಲ ಅಂತ ಹೊಟ್ಟೆಯೊಳಗೇ ಬೇಯ್ತಿದ್ದೆ ಕಣೇ. ಈಗ ನೀನು ನಿನ್ನ ಬೆರಳೇ ಕೊಟ್ಟಿದ್ದೀಯ. ಇನ್ನೇನು ಕೇಳೋದು ನಾನು?"

ಅವನ ಕಣ್ಣು ತುಂಬಿತ್ತು. ಅತ್ತಿಗೆ ನನ್ನ ಭುಜ ಹಿಡಿದುಕೊಂಡು ಬಿಕ್ಕಿದಳು. ಬಾಯಿ ತೆಗೆದೆ. ನಿಜ ಹೇಳೋಕೇ ತೆಗೆದೆ. ಬಂದಿದ್ದು ಇನ್ನೊಂದು "ಹೂಂ".

ಡಿಸೆಂಬರ್ 7, ಭಾನುವಾರ

ನನ್ನ ಸೊಟ್ಟ ಉಗುರನ್ನ ಅವನು ಗುರುತಿಸಿದ. ನಾನು ಅವನ ಅಂಗೈ, ಹೆಬ್ಬೆರಳು, ಮಣಿಕಟ್ಟು ಎಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿಯೂ ಗುರುತಿಸಲಿಲ್ಲ. ಸಣ್ಣವಳಿದ್ದಾಗ ರಸ್ತೆ ದಾಟಿಸಿದ ಕೈ. ಥೂ, ನನ್ನ ಜನ್ಮಕ್ಕಿಷ್ಟು.

ಅತ್ತಿಗೆ ಮುಂದಿನ ಭಾನುವಾರ ಊಟಕ್ಕೆ ಕರೆದಿದ್ದಾಳೆ. ಸುಮ್ಮನಿದ್ದುಬಿಟ್ಟರೆ ಅಣ್ಣ ಸಿಗ್ತಾನೆ. ಯಾರಿಗೂ ನಷ್ಟ ಇಲ್ಲ. ಶಿಲ್ಪಿ ಊರು ಬಿಟ್ಟ, ಮೇಡಂ ಆಗಲಿ ವಾಚ್‌ಮನ್ ಆಗಲಿ ಬಾಯಿಬಿಡೋ ಪೈಕಿ ಅಲ್ಲ.

ಡಿಸೆಂಬರ್ 10, ಬುಧವಾರ

ದಿನಾ ಆ ಗೋಡೆ ದಾಟಿಯೇ ಒಳಗೆ ಬರಬೇಕು. ಜನ ಮೂವತ್ತನಾಲ್ಕರ ಮುಂದೆ ನಿಂತು, "ತಂಗಿ ತನ್ನ ಬೆರಳು ಕೊಟ್ಟಳಂತೆ" ಅಂತ ಮಾತಾಡಿಕೊಳ್ತಾರೆ. ಅತ್ತಿಗೆ ಊರೆಲ್ಲ ಹೇಳಿದ್ದಾಳೆ.

ಡಿಸೆಂಬರ್ 14, ಭಾನುವಾರ

ಹೇಳಿದೆ.

ಊಟಕ್ಕೆ ಮುಂಚೆಯೇ ಹೇಳಿದೆ, ಉಂಡ ಮೇಲೆ ಹೇಳೋ ಧೈರ್ಯ ಇರಲ್ಲ ಅಂತ. ಚೀಟಿ ಬಿದ್ದುಹೋಗಿದೆ ಅಂದುಕೊಂಡಿದ್ದು, ಗಾಯ ಉಜ್ಜಿದ್ದು, ಶಭಾಷ್ ಅನಿಸಿಕೊಂಡಿದ್ದು, ಉದ್ಘಾಟನೆಯ ಹಿಂದಿನ ದಿನದವರೆಗೂ ಏನೇನೂ ಗೊತ್ತಿಲ್ಲದೆ ಇದ್ದಿದ್ದು. ಅತ್ತಿಗೆಯ ಕೈಯಲ್ಲಿ ಸೌಟು ಹಾಗೇ ನಿಂತಿತು.

ಅಣ್ಣ ತನ್ನ ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ಕೇಳಿದ, "ನನ್ನ ಕೈ ಗುರುತು ಸಿಗಲಿಲ್ವಾ ನಿನಗೆ?"

"ಇಲ್ಲ ಅಣ್ಣ."

"ಬೆರಳು ಹೋಗಿದ್ದೂ ಗೊತ್ತಿರಲಿಲ್ಲ."

"ಇಲ್ಲ."

"ಹಾಗಾದ್ರೆ ನಾಲ್ಕು ವರ್ಷ ನಾನು ಸಿಟ್ಟು ಮಾಡ್ಕೊಂಡಿದ್ದೂ ಸುಳ್ಳು, ಮೊನ್ನೆ ಅತ್ತಿದ್ದೂ ಸುಳ್ಳು." ಎದ್ದು ಹಿತ್ತಲಿನ ಕೆಲಸದ ಶೆಡ್ಡಿಗೆ ಹೋದ. ಮೆಷಿನ್ ಸದ್ದು ಶುರುವಾಯ್ತು. ತಟ್ಟೆ ಮುಂದೆ ಕೂತೇ ಇದ್ದೆ. ಅತ್ತಿಗೆ ಡಬ್ಬಿಗೆ ಹಾಕಿಕೊಟ್ಟಳು, ಸೇತುವೆವರೆಗೂ ಜೊತೆಗೆ ಬಂದಳು. "ಹೇಳದೇ ಇದ್ದಿದ್ರೆ ಚೆನ್ನಾಗಿತ್ತೇನೋ," ಅಂದಳು. ಬೈದಿದ್ದಲ್ಲ. ಅವಳಿಗೂ ಅಷ್ಟು ಸುಸ್ತಾಗಿತ್ತು.

ಡಿಸೆಂಬರ್ 22, ಸೋಮವಾರ, ಬೆಳಿಗ್ಗೆ 11

ಇವತ್ತು ಮ್ಯೂಸಿಯಂ ರಜಾ. ಗೋಡೆಯಿಂದ ಮೂವತ್ತನಾಲ್ಕನ್ನ ಇಳಿಸೋಕೆ ಮೇಡಂ ಒಪ್ಪಿದ್ದರು, ಅದಕ್ಕೇ ಬಂದಿದ್ದೆ. ಇಳಿಸಿ ಕೆಳಗಿಡುವಾಗ ಬಾಗಿಲಲ್ಲಿ ಅಣ್ಣ. ಎಂಟು ದಿನದಿಂದ ಸುದ್ದಿಯಿಲ್ಲ, ನಾನು ಆಸೆ ಬಿಟ್ಟಿದ್ದೆ. "ಖಾಲಿ ಜಾಗ ಬಿಡಬೇಡ, ಇನ್ನೊಂದು ಅಚ್ಚು ತೆಗಿ" ಅಂದ, ಅಷ್ಟೇ. ಅಂಗಿಯ ತೋಳು ಮಡಚಿದ. ಮೊದಲ ಸಲ ಆ ಕೈ ನೋಡಿದೆ, ನಿಜವಾದ ಕೈ. ಗೆರೆ ಮೂರು ಹೊಲಿಗೆಯಷ್ಟು ಉದ್ದ, ಕೆಂಪಗೆ.

ಶಿಲ್ಪಿ ಬಿಟ್ಟುಹೋದ ಪುಡಿ ಕಲಸಿದೆ, ಈಗ ಬಕೆಟ್ಟಲ್ಲಿ ಕೈಯಿಟ್ಟು ಕೂತಿದ್ದಾನೆ. ಐದು ನಿಮಿಷ ಮಿಸುಕಾಡೋ ಹಾಗಿಲ್ಲ. ಮುಖ ನೋಡೋಕೆ ಆಗದೆ ನಾನು ಇದನ್ನ ಬರೀತಿದ್ದೀನಿ.

"ಏನದು, ರಿಜಿಸ್ಟರಾ?"

"ಅಲ್ಲ. ನನ್ನ ದಿನಚರಿ."

"ನನ್ನ ವಿಷಯ ಬರೀತಿದ್ದೀಯಾ?"

"ಹೂಂ."

"ಅವತ್ತು ಊಟಕ್ಕೆ ಬಂದಾಗ ನೀನು ಅಷ್ಟೆಲ್ಲ ಹೇಳಿದೆ. ಹೇಗಾಯ್ತು ಅಂತ ಮಾತ್ರ ನೀನು ಕೇಳಲೇ ಇಲ್ಲ."

ಹೌದು. ಕೇಳಲೇ ಇಲ್ಲ.

"ಹೇಗಾಯ್ತು ಅಣ್ಣ?"

"ಅವತ್ತು ಬುಧವಾರ. ಬೆಳಿಗ್ಗೆಯಿಂದ ಎಡಗೈ ಸ್ವಲ್ಪ ಮರಗಟ್ಟಿತ್ತು..." ನಿಲ್ಲಿಸಿದ. "ಪೆನ್ನಿಟ್ಟು ಕೇಳ್ತೀಯಾ?"

ಇಡ್ತಿದ್ದೀನಿ, ಇನ್ನೊಂದು ಸಾ—