ಈಜುಕೊಳದ ಬೋರ್ಡಿನ ಇರುವೆ

ನನ್ನ ಮಗಳಿಗೂ, ನನ್ನ ಮೇಲಿನ ವಾರಂಟಿಗೂ ಯಜಮಾನರಾದ ಅಳಿಯಂದಿರಿಗೆ,

ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನಾನು ಹೋಗಿಬಿಟ್ಟಿರುತ್ತೇನೆ. ಗಾಬರಿಯಾಗಬೇಡಿ. ಮಗಳನ್ನು ಕೂರಿಸಿ, ನೀರು ಕುಡಿಸಿ, ಆಮೇಲೆ ನಿಧಾನವಾಗಿ ಹೇಳಿ. ಇನ್ನು ತಡಮಾಡಬಾರದು ಅಂತ ನನಗೇ ಕೆಲವು ದಿನಗಳಿಂದ ಅನ್ನಿಸುತ್ತಿತ್ತು.

ಹೋಗಿರುವುದು ಕ್ಷೌರದಂಗಡಿಗೆ.

ಸುಮ್ಮಸುಮ್ಮನೆ ಹೆದರಿಸಿದೆ, ಒಪ್ಪಿಕೊಳ್ಳುತ್ತೇನೆ, ಬೈದುಕೊಳ್ಳಿ. ಆದರೆ ಎದೆ ಒಂದು ಸಲ ಧಸಕ್ಕೆಂದಿತು ತಾನೆ? ಅಷ್ಟು ಸಾಕು. ಮಾತು ಬಿಟ್ಟ ಅಳಿಯನ ಎದೆಯಲ್ಲಿ ಮಾವನಿಗೆ ಇನ್ನೂ ಜಾಗವಿದೆಯೋ, ಖಾಲಿ ಮಾಡಿಸಿದ್ದೀರೋ ಅಂತ ತಟ್ಟಿ ನೋಡಬೇಕಿತ್ತು. ನಾಳೆ ಹೋಗಬೇಕಾದ ಜೈಲಿನಲ್ಲಿ ಫೋಟೋ ತೆಗೆಯುತ್ತಾರಂತೆ. ಮದುವೆಯಲ್ಲೂ ನನ್ನ ಫೋಟೋ ಸರಿಯಾಗಿ ಬರಲಿಲ್ಲ; ಇದಾದರೂ ನುಣ್ಣಗೆ ಬರಲಿ.

ಕಾಗದ ನಿಮ್ಮ ಯೂನಿಫಾರ್ಮಿನ ಜೇಬಿನಲ್ಲಿ ಹೇಗೆ ಬಂತು ಅಂತ ತನಿಖೆ ಮಾಡಬೇಡಿ. ಬೀದಿಯ ಇಸ್ತ್ರಿ ಅಕ್ಕ ಇಟ್ಟಳು. ಅವಳು ನಿಮಗೆ ಚೆನ್ನಾಗಿ ಗೊತ್ತು. ಫುಟ್‌ಪಾತಿನಲ್ಲಿ ಮೇಜು ಹಾಕಿದ್ದಕ್ಕೆ ಕೋರ್ಟು ಅವಳಿಗೆ ದಂಡ ಹಾಕಿತ್ತು. ಬಾಕಿ ದಂಡ ವಸೂಲಿಯ ಸಪ್ತಾಹ ಬಂತು ನೋಡಿ, ಹೆಚ್ಚು ವಸೂಲಿ ಮಾಡಿದ ಠಾಣೆಗೆ ಶೀಲ್ಡು ಅಂತ ಮೇಲಿನವರು ಹೇಳಿದರು, ನಿಮ್ಮವರು ಹೋಗಿ ಅವಳ ಇಸ್ತ್ರಿಪೆಟ್ಟಿಗೆಯನ್ನೇ ಜಪ್ತಿ ಮಾಡಿ ತಂದರು. ಪೆಟ್ಟಿಗೆ ಠಾಣೆಯ ಮೂಲೆಯಲ್ಲಿ ಕೂತಿತು. ನಿಮ್ಮ ಯೂನಿಫಾರ್ಮು ಸುಕ್ಕಾಯಿತು. ಸುಕ್ಕಾದ ಯೂನಿಫಾರ್ಮಿಗೆ ನಿಮಗೆ ಮೆಮೊ ಬಂತು. ಆಮೇಲಷ್ಟೇ ಪೆಟ್ಟಿಗೆ ಅವಳಿಗೆ ವಾಪಸು ಹೋಯಿತು. ಇಷ್ಟು ವರ್ಷ ನಾನೇ ದೊಡ್ಡ ತಮಾಷೆಗಾರ ಅಂದುಕೊಂಡಿದ್ದೆ. ನಿಮ್ಮ ಇಲಾಖೆಯ ಮುಂದೆ ನನ್ನದೇನೂ ಅಲ್ಲ.

ಈಗ ನನ್ನ ಸರದಿ. ಅಕ್ಷರ ಬರೆದೇ ಹೊಟ್ಟೆ ಹೊರೆದವನು ನಾನು. ಈ ಊರಿನ ಅಂಗಡಿ, ಶಾಲೆ, ಆಸ್ಪತ್ರೆ, ನಿಮ್ಮ ಠಾಣೆ, ಕೋರ್ಟು, ಎಲ್ಲದರ ಬೋರ್ಡೂ ನನ್ನ ಬ್ರಷ್ಷಿನದೇ. ಕೊನೆಯ ಅಕ್ಷರ ಮುಗಿದ ಮೇಲೆ ಕೆಳಗಿನ ಮೂಲೆಯಲ್ಲಿ ಒಂದು ಇರುವೆ ಬಿಡಿಸುವುದು ನನ್ನ ಪದ್ಧತಿ. ಹೆಸರು ಬರೆದರೆ ಬೋರ್ಡಿನ ಯಜಮಾನನಿಗೆ ಕೋಪ. ಇರುವೆಯ ಮೇಲೆ ಯಾರಿಗೆ ಕೋಪ? ಹಾಗಾಗಿ ಊರಿಗೆಲ್ಲ ನಾನು ಇರುವೆ ಪೇಂಟರ್. ಎಲ್ಲಿ ನೋಡಿದರೂ ನಾನು ಇರುವೆ.

ಆ ಇರುವೆಯೇ ನನ್ನನ್ನು ಹಿಡಿಸಿತು ಅಂತ ಠಾಣೆಯವರೆಲ್ಲ ನಗುತ್ತಾರಂತೆ. ನಗಲಿ. ಪೊಲೀಸ್ ಅಧಿಕಾರಿಗಳ ಕ್ಲಬ್ಬಿನ ಹೊಸ ಈಜುಕೊಳದ ಉದ್ಘಾಟನೆಯ ದಿನ ನೀವೂ ಅಲ್ಲೇ ಗೇಟಿನ ಬಂದೋಬಸ್ತಿನಲ್ಲಿದ್ದಿರಿ, ಆ ಮುರಿದ ಮೊಣಕಾಲು ಇಟ್ಟುಕೊಂಡು. ಕೊಳದ ಗೋಡೆಗೆ ಕಲ್ಲಿನ ಫಲಕ ಒಂದು, ಅದರ ಪಕ್ಕ ಮರದ ಹಲಗೆ ಒಂದು. ಮುಖ್ಯ ಅತಿಥಿಗಳು ಅದು ದಾನಿಗಳ ಬೋರ್ಡು ಅಂದುಕೊಂಡು, ಕನ್ನಡಕ ಹಾಕಿಕೊಂಡು, ಮೈಕಿನಲ್ಲೇ ಓದಿಬಿಟ್ಟರು: ‘ಈ ಕೊಳದ ನೀರಿನ ಕೊಡುಗೆ: ಪೊಲೀಸ್ ಸಿಬ್ಬಂದಿ ವಸತಿಗೃಹದ ಸೋರುವ ಸೂರುಗಳು.’ ಓದಿ ಮುಗಿಸಿ ಚಪ್ಪಾಳೆಯನ್ನೂ ತಟ್ಟಿದರು, ಪಾಪ. ಜೊತೆಗೆ ತಟ್ಟಲೋ ಬೇಡವೋ ಅಂತ ನಿಮ್ಮ ಇಲಾಖೆಯ ದೊಡ್ಡ ಸಾಹೇಬರ ಕೈ ಗಾಳಿಯಲ್ಲೇ ನಿಂತಿತು. ಹಿಂದಿನ ಸಾಲಿನ ಪೇದೆಗಳು ತುಟಿ ಕಚ್ಚಿಕೊಂಡರು. ನೀವು ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ನಕ್ಕಿರಿ. ನಾನು ನೋಡಿದೆ, ಅಳಿಯಂದಿರೇ. ಮೂಲೆಯ ಇರುವೆ ಕಣ್ಣಿಗೆ ಬೀಳುವವರೆಗೆ ನಕ್ಕಿರಿ.

ಪೊಲೀಸರಿಗೆ ಖರ್ಚು ಮಾಡಬೇಡಿ ಅಂತ ನಾನು ಯಾವತ್ತೂ ಅಂದವನಲ್ಲ. ಮಾಡಲಿ, ಕೈ ತುಂಬ ಮಾಡಲಿ. ನಾನು ಕೊಳ್ಳುವ ಒಂದೊಂದು ಡಬ್ಬಿ ಬಣ್ಣಕ್ಕೂ ತೆರಿಗೆ ಕಟ್ಟಿದ್ದೇನೆ. ಅದರಲ್ಲಿ ನಿಮ್ಮ ಬೂಟಿಗೊಂದು ಲೇಸಾದರೂ ಬಂದಿದ್ದರೆ ಸಂತೋಷ. ಆದರೆ ದೊಡ್ಡವರ ಮೆರವಣಿಗೆಯಲ್ಲಿ ಬ್ಯಾರಿಕೇಡಿನ ಕೆಳಗೆ ಸಿಕ್ಕಿ ಮೊಣಕಾಲು ಮುರಿದುಕೊಂಡವರು ನೀವು. ಆಪರೇಷನ್ನಿನ ಬಿಲ್ಲು ಮೇಲೆ ಹೋಗುತ್ತದೆ, ‘ಗಾಯ ಕರ್ತವ್ಯದಲ್ಲಿದ್ದಾಗಲೇ ಆದದ್ದೆಂದು ದೃಢೀಕರಿಸಿ’ ಅಂತ ಕೆಳಗೆ ಬರುತ್ತದೆ. ದೃಢೀಕರಿಸಿ ಕಳಿಸಿದರೆ ಅನುದಾನ ಇಲ್ಲ ಅನ್ನುತ್ತಾರೆ. ಮೊಣಕಾಲಿಗಿಂತ ಆ ಫೈಲೇ ಚೆನ್ನಾಗಿ ಓಡಾಡುತ್ತಿದೆ. ಹಿಂದೆ ಕಾಗದ ಬರೆಯುವಾಗ ‘ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಅನ್ನುತ್ತಿದ್ದೆವು. ಈಗ ಕ್ಷೇಮವೆಲ್ಲ ನಿಮ್ಮ ಪೊಲೀಸ್ ಕ್ಷೇಮನಿಧಿಯಲ್ಲಿದೆ, ನಿಧಿ ಕೊಳದಲ್ಲಿದೆ, ಈಜು ಬಂದವರು ಮುಳುಗಿ ಎತ್ತಿಕೊಳ್ಳುತ್ತಾರೆ.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟಮ್ಮ ಒಳ್ಳೆಯವರೇ. ಹಲಗೆಯನ್ನು ಮೇಜಿನ ಮೇಲೆ ಇಡಿಸಿಕೊಂಡು ಎರಡು ಸಲ ಓದಿದರು. ಎರಡನೆಯ ಸಲ ಓದುವಾಗ ಕರ್ಚೀಫು ಬಾಯಿಗೆ ಹೋಯಿತು, ನೆಗಡಿ ಇದ್ದಿರಬೇಕು. “ಇದು ನಿಮ್ಮದೇನಾ?” ಅಂತ ಕೇಳಿದರು. “ಮೂಲೇಲಿರೋ ಇರುವೆ ನಂದೇ ತಾಯಿ. ನಿಮ್ಮ ಬಾಗಿಲ ಬೋರ್ಡಲ್ಲೂ ಅದರ ಅಣ್ಣ ಇದಾನೆ,” ಅಂದೆ. “ಅಕ್ಷರ ಮುದ್ದಾಗಿದೆ. ಹಾಕಿದ ಜಾಗ ತಪ್ಪು,” ಅಂದು ದಂಡ ಬರೆದರು. ಕಟ್ಟದಿದ್ದರೆ ಹದಿನೈದು ದಿನ ಸಾದಾ ಸಜೆ. ನನ್ನ ಆ ಉತ್ತರವನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಕೊನೆಗೆ ಬೇಕಾಗುತ್ತದೆ.

ದಂಡ ಕಟ್ಟಲು ನನ್ನ ಹತ್ತಿರ ದುಡ್ಡಿಲ್ಲ ಅಂತಲ್ಲ, ಇದೆ. ಆದರೆ ವಸೂಲಾದ ದಂಡದಲ್ಲಿ ಒಂದು ಪಾಲು ಕ್ಷೇಮನಿಧಿಗೇ ತರಿಸುತ್ತೇನೆ, ಕೊಳದ ಪಕ್ಕ ಬಟ್ಟೆ ಬದಲಾಯಿಸುವ ಕೋಣೆ ಕಟ್ಟಿಸುತ್ತೇನೆ ಅಂತ ಸಾಹೇಬರು ಅದೇ ಮೈಕಿನಲ್ಲಿ ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದ್ದೇನೆ. ಅವರು ಚಡ್ಡಿ ಬದಲಾಯಿಸಲು ನಾನು ಗೋಡೆ ಕಟ್ಟಿಸಿಕೊಡಬೇಕಾ? ತಪ್ಪಿಗೆ ದಂಡ ಕಟ್ಟು ಅಂದರೆ ಕಟ್ಟೇನು. ಆ ಹಲಗೆಯ ಮೇಲಿದ್ದದ್ದರಲ್ಲಿ ಸುಳ್ಳು ಯಾವುದು ಅಂತ ಯಾರಾದರೂ ಮೊದಲು ತೋರಿಸಲಿ. ತೋರಿಸಲು ನಿಮ್ಮ ಮನೆಗೇ ಬರಬೇಕಾಗುತ್ತದೆ, ಬರುವಾಗ ಕೊಡೆ ತರಲಿ.

ಮೊನ್ನೆ ಜಪ್ತಿಗೆ ಅಂತ ನಿಮ್ಮ ಮೀಸೆ ದಫೇದಾರರು ಬಂದಾಗ ನೀವು ಮೆಟ್ಟಿಲ ಕೆಳಗೇ ನಿಂತಿರಿ. ಮೊಣಕಾಲು ನೋವು ಅಂದಿರಂತೆ. ನೋವು ಮೊಣಕಾಲಿನದಲ್ಲ ಅಂತ ನನಗೂ ಗೊತ್ತು, ದಫೇದಾರರಿಗೂ ಗೊತ್ತು. ಅವರಿಗೆ ತೊಂದರೆಯಾಗಬಾರದು ಅಂತ ನಾನೇ ಕುರ್ಚಿ, ಬೀರು, ಬಕೆಟ್ಟು, ಹೊದಿಕೆಯ ಪೆಟ್ಟಿಗೆ, ಎಲ್ಲದರ ಮೇಲೂ ‘ಜಪ್ತಿ’ ಅಂತ ನೆರಳು ಕೊಟ್ಟು ಅಂದವಾಗಿ ಬರೆದಿಟ್ಟಿದ್ದೆ. ಅವರು ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡರು. “ತಾತ, ಅಳಿಯ ಪೊಲೀಸು. ನೀವೇ ಹಿಂಗ್ ಮಾಡಿದ್ರೆ ನಾವು ಮುಖ ಎಲ್ಲಿಡೋಣ?” ಅಂದರು. “ಬೀರು ಪಕ್ಕ ಜಾಗ ಇದೆ, ಇಡಪ್ಪ,” ಅಂದೆ. ಹಸಿ ಬಣ್ಣ ಕೈಗೆ ಅಂಟಿತು ಅಂತ ಏನೂ ಎತ್ತದೆ ಇಳಿದು ಹೋದರು. ಇನ್ನೊಮ್ಮೆ ಬಂದರೆ ಏನು ಬೇಕಾದರೂ ಒಯ್ಯಲಿ, ಏಣಿ ಒಂದು ಬಿಡಲಿ. ನಿಮ್ಮ ಮೇಲಿನವರು ಯಾರಾದರೂ ಒಂದು ದಿನ ಹತ್ತಿ ನಿಮ್ಮ ಸೂರು ನೋಡುತ್ತೇನೆ ಅಂದರೆ ಬೇಕಾಗುತ್ತದೆ.

ನಗಿಸಿದ್ದು ಸಾಕು. ನೀವು ಮಗಳಿಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು. “ನಿಮ್ಮಪ್ಪನಿಗೆ ಎಲ್ಲಾ ಆಟ. ನನ್ನ ಕೆಲಸದ ಮೇಲೆ ಕಲ್ಲು ಹಾಕಿದ್ರು.” ನೀವು ಹಾಗಂದದ್ದು ತಪ್ಪಲ್ಲ. ದಫೇದಾರ ಹುದ್ದೆಯ ಬಡ್ತಿ ಪಟ್ಟಿಗೆ ನಿಮ್ಮ ಹೆಸರು ಹೋಗಿರುವ ಹೊತ್ತು. ಮಾವ ಮಾಡಿದ್ದಕ್ಕೆ ಅಳಿಯನನ್ನು ಹಿಡಿಯಲಾಗುವುದಿಲ್ಲ, ಬೇರೆ ಮನೆ, ಬೇರೆ ಅಡುಗೆ. ಅದೇ ಹಲಗೆ ನಿಮ್ಮ ವಸತಿಗೃಹದ ಒಳಗಿನಿಂದಲೇ ಬಂದಿದ್ದರೆ? ಹೆಸರು ಪಟ್ಟಿಯಿಂದ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು.

ಒಳಗಿನಿಂದಲೇ ಬಂದದ್ದು, ಅಳಿಯಂದಿರೇ. ಕೂತುಕೊಂಡು ಓದಿ.

ಕ್ಲಬ್ಬಿನ ಹೆಸರಿನ ಬೋರ್ಡು ಬರೆಯುತ್ತಿದ್ದಾಗ ನಿಮ್ಮ ಹೆಂಡತಿ ನನಗೆ ಊಟದ ಕ್ಯಾರಿಯರ್ ತಂದಿದ್ದಳು. ಕೊಳಕ್ಕೆ ನೀರು ಬಿಡುತ್ತಿದ್ದರು. ಕ್ಯಾರಿಯರ್ ಕೆಳಗಿಡದೆ ನೋಡುತ್ತ ನಿಂತಳು. ಆಮೇಲೆ, “ಅಪ್ಪ, ನಮ್ಮನೇಲಿ ಬಕೆಟ್ ಇಡೋಕೆ ಜಾಗ ಉಳಿದಿಲ್ಲ. ಇಲ್ಲಿ ನೋಡು, ನೀರಿಗೇ ಮನೆ ಕಟ್ಟಿದಾರೆ,” ಅಂದಳು. ನಾನು ಊಟ ಮಾಡಿದೆ, ಅವಳು ಖಾಲಿ ಕ್ಯಾರಿಯರ್ ಜೊತೆಗೆ ನನ್ನದೊಂದು ಸಣ್ಣ ಹಲಗೆಯನ್ನೂ ಅರ್ಧ ಡಬ್ಬಿ ಕಪ್ಪು ಬಣ್ಣವನ್ನೂ ಒಯ್ದಳು, ಬಾಗಿಲಿಗೆ ಏನೋ ಬರೆಯಬೇಕಂತೆ. ಬ್ರಷ್ಷು ಹಿಡಿಯುವುದನ್ನು ಅವಳಿಗೆ ಕಲಿಸಿದವನು ನಾನೇ. ಅವಳು ಬರೆದ ‘ಳ’ ಬಾಲವನ್ನು ಒಳಗೆ ಸುತ್ತಿಕೊಳ್ಳುತ್ತದೆ, ಚಳಿಗೆ ಮುದುಡಿದ ಬೆಕ್ಕಿನ ಹಾಗೆ. ಊರಿನಲ್ಲಿ ಬೇರೆ ಯಾರಿಗೂ ಅದು ಬರುವುದಿಲ್ಲ, ನನಗೂ.

ಉದ್ಘಾಟನೆಯ ಬೆಳಿಗ್ಗೆ ನನ್ನ ಬೋರ್ಡಿನ ಅಕ್ಷರಗಳಿಗೆ ನೆರಳಿನ ಗೆರೆ ಬಾಕಿಯಿತ್ತು ಅಂತ ಎಲ್ಲರಿಗಿಂತ ಮುಂಚೆ ಹೋದೆ. ಹಲಗೆ ಆಗಲೇ ಗೋಡೆಯ ಮೇಲಿತ್ತು. ‘ಕೊಳದ’ ಅನ್ನುವುದರ ‘ಳ’ ನೋಡಿದೆ, ಯಾರ ಕೈ ಅಂತ ಗೊತ್ತಾಯಿತು. ಒಂದು ಮೊಳೆಯ ಕೆಲಸ, ಕಿತ್ತು ಚೀಲಕ್ಕೆ ಹಾಕಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೈ ಬರಲಿಲ್ಲ. ಅಕ್ಷರ ಅಷ್ಟು ಚೆನ್ನಾಗಿತ್ತು, ಮಾತು ಅಷ್ಟು ನಿಜವಾಗಿತ್ತು.

ಈಗ ಅವಳು ನಾಳೆ ಕೋರ್ಟಿಗೆ ಬಂದು ಎಲ್ಲ ಹೇಳುತ್ತೇನೆ, ಬಳೆ ಮಾರಿ ದಂಡ ಕಟ್ಟುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬಿಡಬೇಡಿ. ಅದಕ್ಕೇ ಇದನ್ನು ಬರೆದೆ. ಹೆಂಡತಿಯ ಮೇಲೆ ಸಿಟ್ಟಾಗಬೇಡಿ. ಇಲಾಖೆ ಕೇಳದ ನಿಮ್ಮ ಮೊಣಕಾಲಿನ ನೋವನ್ನು ಅವಳು ಕೇಳಿಸಿಕೊಂಡಿದ್ದಾಳೆ. ಪೊಲೀಸಾಗಿ ವಿಚಾರಿಸಬೇಡಿ, ಊಟಕ್ಕೆ ಕೂತಾಗ ಗಂಡನಾಗಿ ಕೇಳಿ. ನಾಳೆ ವಾರಂಟು ಹಿಡಿದು ನೀವು ನನ್ನ ಮೂರು ಮಹಡಿ ಹತ್ತುವುದೂ ಬೇಡ. ಕ್ಷೌರ ಇವತ್ತೇ ಮುಗಿದಿರುತ್ತದೆ, ಬೆಳಿಗ್ಗೆ ನಾನೇ ಠಾಣೆಗೆ ಬರುತ್ತೇನೆ. ಅಲ್ಲಿಂದ ಕೋರ್ಟಿಗೆ ಹೋಗುವ ದಾರಿಯಲ್ಲಿ ನನ್ನ ಕೈ ಹಿಡಿದುಕೊಳ್ಳಿ. ಆಸಾಮಿಯನ್ನು ಹಿಡಿದಿದ್ದೀರಿ ಅಂತ ಜನ ಅಂದುಕೊಳ್ಳಲಿ, ನೀವು ಕಾಲಿನ ಭಾರವನ್ನು ನನ್ನ ಮೇಲೆ ಬಿಡಿ.

ಓದಿದ ಮೇಲೆ ಕಾಗದವನ್ನು ಒಲೆಗೆ ಹಾಕಿ. ಒಲೆಯ ಮೇಲೂ ಸೋರುತ್ತಿದ್ದರೆ ನುಂಗಿಬಿಡಿ.

ನಿಮ್ಮ ಮೊಣಕಾಲು ನೆಟ್ಟಗಾಗಲಿ, ಬೆನ್ನು ಈಗಿರುವ ಹಾಗೇ ನೆಟ್ಟಗಿರಲಿ, ನಿಮ್ಮಿಬ್ಬರ ತಲೆಯ ಮೇಲೆ ಸೋರದ ಸೂರು ಬರಲಿ. ಮ್ಯಾಜಿಸ್ಟ್ರೇಟಮ್ಮನಿಗೆ ನಾನು ಸುಳ್ಳು ಹೇಳಲಿಲ್ಲ. ಆ ಹಲಗೆಯ ಮೇಲೆ ನಾನು ನಿಜವಾಗಿ ಮಾಡಿದ್ದು ಒಂದೇ: ಯಾರೂ ಬರುವ ಮುಂಚೆ ಬ್ರಷ್ಷು ಅದ್ದಿ, ಖಾಲಿಯಿದ್ದ ಮೂಲೆಯಲ್ಲಿ ನನ್ನ ಇರುವೆಯನ್ನು ಬಿಡಿಸಿದೆ, ಬೇಕೆಂದೇ.

ಹದಿನೈದು ದಿನ ಆ ಕಡೆ, ಆಮೇಲೆ ಇಲ್ಲೇ ಇರುವ,
ನಿಮ್ಮ ಮಾವ