ಇಡದೆ ಬಿಟ್ಟ ತಟ್ಟೆ

ಅಕ್ಕನಿಗೆ,

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನನ್ನ ಔಷಧಿ ಗಡ್ಡೆಯ ಜೀವಕೋಶಗಳನ್ನು ಕೊಂದಿತು ಎಂದು ಹೋದ ತಿಂಗಳು ಫೋನಿನಲ್ಲಿ ಕುಣಿದಾಡಿದ್ದೆನಲ್ಲ, ಅದು ಸುಳ್ಳಾಯಿತು. ಕೊಂದದ್ದು ಔಷಧಿಯಲ್ಲ, ಅದನ್ನು ಕರಗಿಸಿದ ದ್ರಾವಕ.

"ಬರೀ ದ್ರಾವಕ ಹಾಕಿದ ತಟ್ಟೆ ಎಲ್ಲಪ್ಪಾ?" ಎಂದು ಗೈಡ್ ಕೇಳಿದರು. ನಾನು ಇಟ್ಟೇ ಇರಲಿಲ್ಲ. ಹೋಲಿಸಿ ನೋಡಲು ಔಷಧಿ ಹಾಕದ ಜೀವಕೋಶಗಳ ತಟ್ಟೆಯೊಂದು ಪಕ್ಕದಲ್ಲಿರಬೇಕು ಎಂಬುದು ಬಿ.ಎಸ್ಸಿ. ಮೊದಲ ವರ್ಷದ ಪಾಠ. ರೆಕಾರ್ಡ್ ಪುಸ್ತಕದಲ್ಲಿ ಅದರ ಚಿತ್ರ ಬಿಡಿಸಿಕೊಟ್ಟವಳು ನೀನೇ. ಪಿಎಚ್.ಡಿ.ಯ ಐದು ವರ್ಷ ಮಣ್ಣುಪಾಲಾಯಿತು, ಹೋಗಲಿ.

"ತಮ್ಮನ ಔಷಧಿ ಬರ್ಲಿ" ಎಂದು ಮುಂದಕ್ಕೆ ಹಾಕಿದೆಯಲ್ಲ, ನಿನ್ನ ಗಡ್ಡೆಯ ಆ ಆಪರೇಷನ್ನಿಗೆ ನಾಳೆಯೇ ಹೋಗು. ಭಾವನ ಜೊತೆ ಹೋಗು. ಹಳೆಯ ಸ್ಕ್ಯಾನ್ ಮರೆಯಬೇಡ.

ಇಷ್ಟು ತಡ ಯಾಕಾಯಿತು ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ತಪ್ಪನ್ನು ನಿನ್ನ ಮೇಲೆ ಹಾಕಿಕೊಳ್ಳಬೇಡ. ನನ್ನ ಹೆಸರು ಹೇಳು.

ನಿನ್ನ ತಮ್ಮ